ಗಿಲಕಿ ಮಾಡಿದ ಮೊದಲ ಬೀಗದಕೈ

“ಉಸಿರು ಬಿಡ್ಬೇಡ!”

“ಬಿಡದೇ ಇದ್ರೆ ಸತ್ತೇಹೋಗ್ತೀನಲ್ಲಮ್ಮ!”

“ಬಾಯಿ ಮುಚ್ಕೊಂಡು ಮೂಗಲ್ಲಿ ಬಿಡೇ. ಕೈ ಅಲ್ಲಾಡ್ಬಾರ್ದು ಅಂದೆ ಅಷ್ಟೇ.”

ಬಾಯಿ ಮುಚ್ಚುವುದು ಗಿಲಕಿಗೆ ಸುಲಭದ ಕೆಲಸವಲ್ಲ. ಹಾಜರಿ ಕರೆಯುವಾಗ ಮಿಸ್ ಹೇಳುವ ಹೆಸರು ಬೇರೆ ಇದೆ. ಆದರೆ ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನಿರದ ಹುಡುಗಿಗೆ ಮನೆಯವರೆಲ್ಲ ಸೇರಿ ಗಿಲಕಿ ಎಂದೇ ಹೆಸರಿಟ್ಟಿದ್ದರು. ಈಗ ಮಾತ್ರ ಅವಳು ತುಟಿ ಬಿಗಿಹಿಡಿದು ಕೀ ಕೊರೆಯುವ ಯಂತ್ರದ ಹಿಡಿಯನ್ನು ಮೆಲ್ಲಗೆ ತಳ್ಳಿದಳು. ಅವಳ ಕೈ ಮೇಲೆ ಅಮ್ಮನ ಕೈ ಇತ್ತು. ಕಣ್ಣಿಗೆ ಪುಡಿ ಬೀಳದಿರಲೆಂದು ಹಾಕಿದ್ದ ದೊಡ್ಡವರ ಕನ್ನಡಕ ಅವಳ ಮೂಗಿನ ತುದಿಗೆ ಜಾರಿ ಬಂದಿತ್ತು.

ಯಂತ್ರದ ಒಂದು ಕಡೆ ಹಳೇ ಕೀ. ಇನ್ನೊಂದು ಕಡೆ ಹಲ್ಲೇ ಮೂಡದ ಬೋಳು ಕೀ. ಈ ಕಡೆಯ ಮುಳ್ಳು ಹಳೇ ಕೀಯ ಏರು ತಗ್ಗುಗಳ ಮೇಲೆ ನಡೆಯುತ್ತಾ ಹೋದಂತೆ ಆ ಕಡೆಯ ಚಕ್ರ ಬೋಳು ಕೀಯನ್ನು ಹಾಗೇ ಕೊರೆಯುತ್ತಾ ಬಂತು. ಕಿರ್ರೋ ಎಂದು ಸದ್ದು. ಹಿತ್ತಾಳೆಯ ಪುಡಿ ಚಿನ್ನದ ಹಾಗೆ ಮೇಜಿನ ಮೇಲೆಲ್ಲ ಉದುರಿತು.

“ಆಯ್ತು. ಬಿಡು” ಎಂದಳು ಅಮ್ಮ.

ಗಿಲಕಿ ಉಸಿರು ಬಿಟ್ಟ ರಭಸಕ್ಕೆ ಆ ಪುಡಿಯೆಲ್ಲ ಹಾರಿ ಅಮ್ಮನ ಮುಖಕ್ಕೇ ಬಂತು.

ಅದು ಅಮ್ಮನ ಬೀಗದಂಗಡಿ. ಮೆಟ್ಟಿಲ ಕೆಳಗಿನ ಆ ಜಾಗ ಎಷ್ಟು ಚಿಕ್ಕದೆಂದರೆ ಅಮ್ಮ ಒಂದು ಸಲ ತಿರುಗಿದರೆ ಎಲ್ಲೋ ಒಂದು ಕೀ ಗೊಂಚಲು ಝಣ್ ಎನ್ನಲೇಬೇಕು. ಗಿಲಕಿ ನಡೆಯಲು ಕಲಿತದ್ದೂ, ಎಣಿಸಲು ಕಲಿತದ್ದೂ, ಮೊದಲ ಹಲ್ಲು ಬಿದ್ದದ್ದೂ ಅಲ್ಲೇ. ಆದರೆ ಗಿರಾಕಿಯ ಕೀ ಅವಳ ಕೈಗೆ ಬಂದದ್ದು ಇದೇ ಮೊದಲು.

ಗಿರಾಕಿ ಬೇರೆ ಯಾರೂ ಅಲ್ಲ, ಪಿಟೀಲು ತಾತ. ಎದುರು ಕಟ್ಟಡದ ಮೇಲ್ಮಹಡಿಯಲ್ಲಿ ಒಂದು ಕೋಣೆ ಹಿಡಿದು, ಮುರಿದ ಪಿಟೀಲುಗಳನ್ನು ರಿಪೇರಿ ಮಾಡುವವರು. ಕೈಕೆಲಸದಲ್ಲಿ ಎಷ್ಟು ಚುರುಕೋ ನೆನಪಿನಲ್ಲಿ ಅಷ್ಟೇ ಮಂಕು. ಎಳೆದರೆ ತಾನೇ ಬೀಗ ಬೀಳುವ ಬಾಗಿಲನ್ನು ಕೀ ಒಳಗಿಟ್ಟೇ ಎಳೆದುಕೊಂಡು ಬಂದು, ಆಮೇಲೆ ಮೆಟ್ಟಿಲ ಮೇಲೆ ಕೂತು ಗಡ್ಡ ಕೆರೆದುಕೊಳ್ಳುವುದು ಅವರಿಗೆ ಮಾಮೂಲಾಗಿತ್ತು. ಅದಕ್ಕೇ ಇನ್ನೊಂದು ಕೀ ಮಾಡಿಸಿ ಕುತ್ತಿಗೆಗೆ ನೇತುಹಾಕಿಕೊಳ್ಳೋಣ ಎಂದು ಬಂದಿದ್ದರು.

“ಯಜಮಾನ್ರೇ, ಇವತ್ತು ನನ್ನ ಮಗಳು ಮಾಡ್ತಾಳೆ. ಸರಿ ಬರದಿದ್ರೆ ನಾನು ಬೇರೆ ಮಾಡ್ಕೊಡ್ತೀನಿ” ಎಂದು ಅಮ್ಮ ಮೊದಲೇ ಹೇಳಿದ್ದಳು.

“ಮಾಡ್ಲಿ ಬಿಡಮ್ಮ. ನಾನು ಮೊದಲು ರಿಪೇರಿ ಮಾಡಿದ ಪಿಟೀಲು ಬಾಲ ತುಳಿದ ಬೆಕ್ಕಿನ ಥರ ಕೂಗ್ತಿತ್ತು” ಎಂದು ತಾತ ನಕ್ಕಿದ್ದರು.

ಗಿಲಕಿ ತಂತಿ ಬ್ರಷ್ಷಿನಿಂದ ಕೀಯನ್ನು ಉಜ್ಜಿ, ಅರದಿಂದ ಅಂಚನ್ನು ನಯಮಾಡಿ ತಾತನ ಕೈಗಿಟ್ಟಳು. ತಾತ ರಸ್ತೆ ದಾಟಿ ಹೋದರು. ಗಿಲಕಿ ಅಂಗಡಿ ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ಮೇಲ್ಮಹಡಿಯ ಕಿಟಕಿ ತೆರೆದು, ಗಡ್ಡವೊಂದು ಹೊರಗೆ ಬಂದು, ರಸ್ತೆಗೆಲ್ಲ ಕೇಳಿಸುವ ಹಾಗೆ ಕೂಗಿತು.

“ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು ಕಣೇ ಬಾಗಿಲು!”

ಗಿಲಕಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಯೊಳಗೆ ಕುಣಿಯಲು ಜಾಗವಿಲ್ಲದ್ದರಿಂದ ಫುಟ್‌ಪಾತಿನ ಮೇಲೆ ಕುಣಿದಳು.

ತಾತ ಇಳಿದು ಬಂದಾಗ ಅವಳ ಕೈಯಲ್ಲಿ ಅಮ್ಮನ ಫೋನ್ ಇತ್ತು.

“ತಾತ, ಒಂದೇ ಒಂದು ನಿಮಿಷ ಆ ಕೀ ಕೊಡಿ. ಫೋಟೋ ತೆಗೆಸ್ಕೊಳ್ಬೇಕು. ನಮ್ಮ ಕ್ಲಾಸ್ ಗೋಡೆಗೆ ಹಾಕೋಕೆ.”

ಕ್ಲಾಸ್ ಗೋಡೆ ಎಂದರೆ ಇಟ್ಟಿಗೆಯ ಗೋಡೆಯಲ್ಲ. ಆನ್‌ಲೈನಿನಲ್ಲಿ ಅವರ ತರಗತಿಗೆಂದು ಮಿಸ್ ಮಾಡಿದ ಪುಟ. ಮಕ್ಕಳು ಕಳಿಸಿದ ಫೋಟೋಗಳನ್ನು ಮಿಸ್ ನೋಡಿ ‘ಹೂಂ’ ಎಂದರೆ ಅದು ಗೋಡೆ ಹತ್ತುತ್ತದೆ. ಆಮೇಲೆ ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜಿ, ಚಿಕ್ಕಮ್ಮ, ಲಿಂಕ್ ಸಿಕ್ಕ ಎಲ್ಲರೂ ನೋಡಬಹುದು. ಈ ವಾರದ ವಿಷಯ ‘ನಮ್ಮ ಕೈಯಾರೆ ಮಾಡಿದ್ದು’.

ಫೋಟೋ ಹಾಕುವ ಮುಂಚೆ ಏನೇನು ನೋಡಬೇಕು ಎಂದು ಮಿಸ್ ಒಂದು ಆಟ ಕಲಿಸಿದ್ದರು. ಅದರ ಹೆಸರು ಪತ್ತೇದಾರಿ ಆಟ.

“ನಿಮ್ಮ ಫೋಟೋನ ನೀವಾಗಿ ನೋಡ್ಬೇಡಿ. ನಿಮ್ಮ ಪರಿಚಯವೇ ಇಲ್ಲದ ಪತ್ತೇದಾರ ನೋಡಿದ ಹಾಗೆ ನೋಡಿ. ಅವನಿಗೆ ಏನೇನು ಗೊತ್ತಾಗುತ್ತೆ ಹೇಳಿ!” ಎನ್ನುತ್ತಿದ್ದರು.

ಆ ಆಟದಲ್ಲಿ ಗಿಲಕಿಯನ್ನು ಸೋಲಿಸಿದವರಿಲ್ಲ. ಒಬ್ಬಳ ಫೋಟೋದ ಮೂಲೆಯಲ್ಲಿ ಕನ್ನಡಿ, ಕನ್ನಡಿಯಲ್ಲಿ ಕಿಟಕಿ, ಕಿಟಕಿಯಾಚೆ ಬಸ್‌ಸ್ಟಾಪಿನ ಹೆಸರು ಕಂಡುಹಿಡಿದು ಅವಳು ಇಡೀ ತರಗತಿಯನ್ನು ಬೆರಗುಗೊಳಿಸಿದ್ದಳು.

ಹಾಗಾಗಿ ಇವತ್ತೂ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಯಾರಾದಳು. ಶನಿವಾರದ ಅರ್ಧ ದಿನದ ಶಾಲೆಯಿಂದ ನೇರ ಬಂದಿದ್ದವಳು ಶಾಲೆಯ ಬ್ಯಾಡ್ಜ್ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಅಂಗಡಿಯ ಬೋರ್ಡು, ಅದರಲ್ಲಿದ್ದ ಫೋನ್ ನಂಬರು ಕಾಣದಂತೆ ಈಚೆಗೆ ಬಂದು ನಿಂತಳು. ಮೇಲಿನ ಮನೆಯವರು ಒಣಹಾಕಿದ್ದ ಚಡ್ಡಿಗಳು ಕಾಣದಂತೆ ಇನ್ನೂ ಸ್ವಲ್ಪ ಸರಿದಳು.

“ತಾತ, ಇದು ನಿಮ್ಮ ರೂಮಿನ ಕೀ ಅಂತ ಬರೀಬಹುದಾ? ನೀವು ಬೇಡ ಅಂದ್ರೆ ಬರೆಯಲ್ಲ. ಕೇಳ್ಲೇಬೇಕು ಅಂತ ಮಿಸ್ ಹೇಳಿದಾರೆ.”

“ಬರಿ ಬರಿ. ನನ್ನ ಹೆಸರೂ ಒಂದಿಷ್ಟು ದೊಡ್ಡದಾಗ್ಲಿ” ಎಂದರು ತಾತ.

ಒಳಗೆ ಅಮ್ಮ ಒಂದು ಸೂಟ್‌ಕೇಸಿನ ಜೊತೆ ಗುದ್ದಾಡುತ್ತಿದ್ದಳು. ಸೂಟ್‌ಕೇಸಿನ ಯಜಮಾನ, ರೈಲಿಗೆ ಹೊತ್ತಾಯಿತು ಎಂದು ಅದರ ಮೇಲೇ ಕೂತು ಗೋಳಾಡುತ್ತಿದ್ದ.

“ಅಮ್ಮಾ, ಫೋಟೋ ಹಾಕ್ಲಾ?”

“ಮಿಸ್ ಹೇಳಿದ್ದೆಲ್ಲ ನೋಡ್ಕೊಂಡು ಹಾಕು” ಎಂದಳು ಅಮ್ಮ ತಲೆಯೆತ್ತದೆ. “ಸರ್, ನೀವು ಮೊದಲು ಇದರ ಮೇಲಿಂದ ಏಳಿ!”

ತಾತನೇ ಫೋಟೋ ತೆಗೆದರು. ಮೊದಲನೆಯದರಲ್ಲಿ ಬರೀ ಅವರ ಹೆಬ್ಬೆರಳು ಬಂತು. ಎರಡನೆಯದು ಮಾತ್ರ ಬಲು ಚೆನ್ನಾಗಿತ್ತು. ಗಿಲಕಿಯ ಮುಖ ಊರಗಲವಾಗಿ ಅರಳಿತ್ತು. ಕೆನ್ನೆಯ ಪಕ್ಕದಲ್ಲಿ ಕೀ ಹೊಳೆಯುತ್ತಿತ್ತು. ಅವಳು ಕಿಸಿದ ಹಲ್ಲು ಹೆಚ್ಚು ಬಿಳಿಯೋ ಕೀಯ ಹಲ್ಲು ಹೆಚ್ಚು ಹೊಳಪೋ ಹೇಳುವುದು ಕಷ್ಟ.

‘ಪಿಟೀಲು ತಾತನ ರೂಮಿನ ಕೀ. ನಾನೇ ಮಾಡಿದ್ದು!!!’ ಎಂದು ಬರೆದು ಕಳಿಸಿದಳು. ಮಿಸ್ ‘ಹೂಂ’ ಎಂದರು. ಫೋಟೋ ಗೋಡೆ ಹತ್ತಿತು.

ಸಂಜೆಯಾಗುವ ಹೊತ್ತಿಗೆ ಅದರ ಕೆಳಗೆ ಸಾಲು ಸಾಲಾಗಿ ಹೃದಯಗಳು, ಚಪ್ಪಾಳೆಗಳು. ತರಗತಿಯಲ್ಲೇ ಉದ್ದದ ಹುಡುಗ, ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಜಿರಾಫೆ, ‘ಸೂಪರ್ ಕಣೇ! ನಮ್ಮ ಅಣ್ಣಂದಿರಿಗೆಲ್ಲ ಕಳಿಸಿದೆ!’ ಎಂದು ಬರೆದಿದ್ದ.

ಅಂಗಡಿಯಲ್ಲಿ ಗಿರಾಕಿಗಳು ಕರಗಿದ್ದರು. ಅಮ್ಮ ಸ್ಟೂಲಿನ ಮೇಲೆ ಕೂತು ಟೀ ಲೋಟ ಕೈಗೆತ್ತಿಕೊಂಡಳು. ಗಿಲಕಿ ಓಡಿ ಬಂದು ಫೋನನ್ನು ಅವಳ ಮುಖದ ಮುಂದೆ ಹಿಡಿದಳು.

“ನೋಡಮ್ಮ, ಎಷ್ಟೊಂದು ಜನ!”

“ಅಯ್ಯೋ, ಎಷ್ಟು ಚೆನ್ನಾಗಿ ಬಂದಿದೀಯೇ!” ಅಮ್ಮ ನಗುನಗುತ್ತಾ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು. ಮಗಳ ಕಣ್ಣು ನೋಡಿದಳು. ಕೆನ್ನೆ ನೋಡಿದಳು. ಕೀ ನೋಡಿದಳು. ಅಲ್ಲೇ ಅವಳ ನಗು ನಿಂತಿತು.

ಟೀ ಲೋಟ ಕೆಳಗಿಟ್ಟಳು. ಕೊಕ್ಕೆಯಿಂದ ಒಂದು ಬೋಳು ಕೀ ತೆಗೆದು ಫೋನಿನ ಪರದೆಯ ಮೇಲೆ ಇಟ್ಟಳು. ಫೋಟೋವನ್ನು ಹಿಗ್ಗಿಸಿ ಕುಗ್ಗಿಸಿ, ಎರಡು ಕೀಗಳ ತಲೆಯೂ ಒಂದೇ ಅಳತೆಗೆ ಬರುವಂತೆ ಮಾಡಿದಳು. ಚೂಪು ಮೊಳೆಯಿಂದ ಬೋಳು ಕೀಯ ಮೇಲೆ ಅಲ್ಲಲ್ಲಿ ಗೀರು ಹಾಕಿದಳು. ಆಮೇಲೆ ಅದನ್ನು ಮೇಜಿಗೆ ಜೋಡಿಸಿದ ಕಬ್ಬಿಣದ ವೈಸಿನಲ್ಲಿ ಬಿಗಿದು ಅರ ಎತ್ತಿಕೊಂಡಳು.

ಕರಕರ, ಕರಕರ.

ಏನು ನಡೆಯುತ್ತಿದೆ ಎಂದು ಗಿಲಕಿಗೆ ಹೊಳೆಯಿತು.

“ಅಮ್ಮ… ಅದು ಬರೀ ಫೋಟೋ.”

“ಹೂಂ. ಬರೀ ಫೋಟೋ” ಎಂದಳು ಅಮ್ಮ. ಅರ ನಿಲ್ಲಲಿಲ್ಲ.

ಈ ಜಾತಿಯ ಕೀಯಲ್ಲಿ ಎಷ್ಟು ತಗ್ಗು ಇರುತ್ತದೆ, ಒಂದೊಂದು ತಗ್ಗೂ ಎಷ್ಟು ಆಳ ಇರಬಹುದು, ಇವೆಲ್ಲ ಗಿಲಕಿಗೆ ಮಗ್ಗಿಯಂತೆ ಬಾಯಿಪಾಠ. ಅದನ್ನು ಕಣ್ಣಳತೆಯಲ್ಲಿ ಓದಲೂ ಅವಳಿಗೆ ಬರುತ್ತಿತ್ತು. ಫೋಟೋದಲ್ಲಿ ಬೋರ್ಡು ಓದಲು ಅಕ್ಷರ ಬಂದರೆ ಸಾಕು. ಕೀ ಓದಲು ಕೀ ಕೆಲಸ ಬರಬೇಕು. ಇಡೀ ತರಗತಿಯಲ್ಲಿ ಆ ಕೆಲಸ ಬರುತ್ತಿದ್ದದ್ದು ಅವಳೊಬ್ಬಳಿಗೇ. ಅವಳೇ ಅದನ್ನು ಕೆನ್ನೆಗೆ ಒತ್ತಿಕೊಂಡು ಊರಿಗೆಲ್ಲ ತೋರಿಸಿದ್ದಳು. ದಿನಾ ನೋಡುವ ವಸ್ತುವಾದ್ದರಿಂದ ಅದೊಂದನ್ನು ನೋಡುವುದೇ ಮರೆತಿದ್ದಳು.

“ಯಾರಾದ್ರೂ ಹೀಗೆಲ್ಲ ಮಾಡ್ತಾರಾ ಅಮ್ಮ?”

“ಮಾಡಲ್ಲ ಅಂದ್ಕೊಳ್ತೀನಿ. ನೋಡಿದವರೆಲ್ಲ ಒಳ್ಳೆಯವರೇ ಇರ್ಬೇಕು. ಆದ್ರೆ ಒಬ್ಬ ಅಂಥವನು ಇದ್ರೆ? ಆ ಭಯ ತಾತ ಯಾಕೆ ಹೊರಬೇಕು ಹೇಳು.” ಅಮ್ಮ ಕೀಯ ಮೇಲಿನ ಪುಡಿ ಊದಿದಳು. “ಜನ ಕೀನ ನಮ್ಮ ಕೈಗೆ ಕೊಟ್ಟು ಟೀ ಕುಡಿಯೋಕೆ ಹೋಗ್ತಾರೆ. ಮನೆ ಬಾಗಿಲು ತೆರೆದಿಟ್ಟು ಹೋದ ಹಾಗೆ ಅದು. ನಾಳೆ ಯಾರಾದ್ರೂ ಒಬ್ಬರು, ಆ ಅಂಗಡೀಲಿ ಮಾತ್ರ ಕೊಡ್ಬೇಡ್ರಪ್ಪ ಅಂದ್ರೆ…”

ಅಮ್ಮ ಅರವನ್ನು ಮೇಜಿನ ಮೇಲಿಟ್ಟಳು. ಬೈದಿದ್ದರೆ ಗಿಲಕಿಗೆ ಎಷ್ಟೋ ಹಗುರವಾಗುತ್ತಿತ್ತು. ಇನ್ನು ಅಮ್ಮ ಯಂತ್ರ ಮುಟ್ಟಲು ಬಿಡುವುದಿಲ್ಲ ಎಂದುಕೊಂಡಳು. ತಾತನ ಮುಖ ನೆನೆದಾಗ ಆ ಚಿಂತೆಯೂ ಚಿಕ್ಕದೆನಿಸಿತು.

ಮೊದಲು ಮಿಸ್‌ಗೆ ಫೋನ್ ಮಾಡಿದರು. ಮಿಸ್ ಮಾತಾಡುತ್ತಲೇ ಫೋಟೋ ತೆಗೆದುಹಾಕಿದರು.

“ಬ್ಯಾಡ್ಜ್ ಇದೆಯಾ ಅಂತ ನೋಡ್ದೆ, ಬೋರ್ಡು ಇದೆಯಾ ಅಂತ ನೋಡ್ದೆ, ನಿನ್ನ ಹಲ್ಲು ನೋಡಿ ನಕ್ಕೆ. ಕೀ ಹಲ್ಲು ಮಾತ್ರ ನನ್ನ ತಲೆಗೇ ಹೋಗ್ಲಿಲ್ಲ ಪುಟ್ಟಾ” ಎಂದರು.

ಆಮೇಲೆ ಜಿರಾಫೆಗೆ ಫೋನ್. “ಅಯ್ಯಯ್ಯೋ! ಈಗಲೇ ಡಿಲೀಟ್ ಮಾಡಿಸ್ತೀನಿ ಕಣೇ” ಎಂದ ಅವನು. ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಮಾಡಿದ. ದನಿ ಸಣ್ಣಗಾಗಿತ್ತು. “ನಮ್ಮ ದೊಡ್ಡಣ್ಣ ಅದನ್ನ ಫುಟ್‌ಬಾಲ್ ಗ್ರೂಪಿಗೆ ಹಾಕಿದಾನಂತೆ. ಇಷ್ಟು ಚಿಕ್ಕ ಹುಡುಗಿ ಕೀ ಮಾಡಿದಾಳೆ ನೋಡ್ರೋ ಅಂತ. ಅವರು ಯಾರ್ಯಾರಿಗೆ ಕಳಿಸಿದಾರೋ ಅವನಿಗೂ ಗೊತ್ತಿಲ್ವಂತೆ.”

ಹೊಗಳಿ ಹೊಗಳಿಯೇ ಫೋಟೋ ಎಲ್ಲೆಲ್ಲಿಗೋ ಹೋಗಿತ್ತು. ಒಬ್ಬರೂ ಕೆಟ್ಟದ್ದು ಬಯಸಿರಲಿಲ್ಲ.

“ಬಾ” ಎಂದಳು ಅಮ್ಮ, ಉಪಕರಣದ ಪೆಟ್ಟಿಗೆ ಎತ್ತಿಕೊಂಡು. “ತಾತನಿಗೆ ಹೇಳ್ಬೇಕು.”

“ನೀನೇ ಹೇಳಮ್ಮ… ಪ್ಲೀಸ್.”

“ನಾನು ಪಕ್ಕದಲ್ಲಿ ಇರ್ತೀನಿ. ಹೇಳೋಳು ನೀನು.”

ಮೇಲ್ಮಹಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಅಂಟಿನ ವಾಸನೆ, ಮರದ ಹೊಟ್ಟಿನ ವಾಸನೆ. ಗೋಡೆಯ ತುಂಬ ಪಿಟೀಲುಗಳು. ಕೆಲವಕ್ಕೆ ತಂತಿಯಿಲ್ಲ, ಕೆಲವಕ್ಕೆ ಕುತ್ತಿಗೆಯಿಲ್ಲ. ತಾತ ಒಂದು ಪುಟಾಣಿ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಅದರ ಬಿರುಕಿಗೆ ಅಂಟು ತುಂಬುತ್ತಿದ್ದರು.

“ಓಹೋ, ಬಾರಮ್ಮ ಬಾ! ಇದೇನಿದು, ಗಿಲಕಿ ಸದ್ದೇ ಇಲ್ಲ? ಬಾಯಿಗೂ ಬೀಗ ಹಾಕ್ಕೊಂಡು ಬಂದ್ಯಾ?”

ಗಿಲಕಿ ಅಮ್ಮನ ಕೈಯಿಂದ ಆ ಕೀ ಇಸಿದುಕೊಂಡಳು. “ತಾತ, ಬಾಗಿಲು ಹಾಕ್ಕೊಳ್ಳಿ. ನಾನು ಹೊರಗೆ ಇರ್ತೀನಿ” ಎಂದಳು.

ತಾತ ಏನೋ ಆಟವಿರಬೇಕೆಂದು ಎದ್ದು ಬಾಗಿಲು ಹಾಕಿಕೊಂಡರು. ಗಿಲಕಿ ಅಮ್ಮ ಮಾಡಿದ ಕೀಯನ್ನು ಬೀಗಕ್ಕೆ ತೂರಿಸಿದಳು. ತಿರುಗದಿರಲಿ, ತಿರುಗದಿರಲಿ ಎಂದು ಬೇಡಿಕೊಂಡಳು. ಅಮ್ಮ ಮಾಡಿದ ಕೀ ಕೆಲಸ ಮಾಡಬಾರದು ಎಂದು ಅವಳು ಬಯಸಿದ್ದು ಹುಟ್ಟಿದ ಮೇಲೆ ಇದೇ ಮೊದಲು.

ಕೀ ಸಲೀಸಾಗಿ ತಿರುಗಿತು. ಬಾಗಿಲು ತೆರೆಯಿತು.

“ಭಲೇ!” ತಾತ ಚಪ್ಪಾಳೆ ತಟ್ಟಿದರು. “ಮೂರನೇ ಕೀನೂ ಮಾಡ್ಬಿಟ್ರಾ? ಹಾಗಾದ್ರೆ ಒಂದು ಕೊರಳಿಗೆ, ಒಂದು ಸೊಂಟಕ್ಕೆ!”

“ಇಲ್ಲ ತಾತ. ಇದು ನಿಮ್ಮ ಕೀ ನೋಡಿ ಮಾಡಿದ್ದಲ್ಲ.” ಗಿಲಕಿ ಕೀಯನ್ನು ಬೀಗದಿಂದ ಎಳೆದು ತೋರಿಸಿದಳು. “ನನ್ನ ಫೋಟೋ ನೋಡಿ ಮಾಡಿದ್ದು. ಅಮ್ಮ ಮಾಡಿದ್ದು. ಆದ್ರೆ… ಕೆಲಸ ಬರೋರು ಯಾರು ಬೇಕಾದ್ರೂ ಮಾಡ್ಬಹುದು. ಕ್ಲಾಸ್ ಗೋಡೆಯಿಂದ ಫೋಟೋ ಅಳಿಸಿಬಿಟ್ವಿ. ಆದ್ರೆ ಅಷ್ಟರಲ್ಲಿ ಎಲ್ಲೆಲ್ಲಿಗೋ ಹೋಗ್ಬಿಟ್ಟಿದೆ. ನಿಮ್ಮ ರೂಮಿಂದು ಅಂತ ಬೇರೆ ಬರೆದಿದೀನಿ.”

ತಾತ ಚಪ್ಪಾಳೆ ತಟ್ಟಿದ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತರು. ಅವರ ಕಣ್ಣು ಗೋಡೆಯ ಮೇಲೆ ಸುತ್ತಾಡಿತು. ಒಂದೊಂದು ಪಿಟೀಲಿಗೂ ಒಂದೊಂದು ಚೀಟಿ, ಚೀಟಿಯಲ್ಲಿ ಯಾರದೋ ಹೆಸರು. ಅವರು ಆಗಷ್ಟೇ ಅಂಟು ತುಂಬುತ್ತಿದ್ದ ಪುಟಾಣಿ ಪಿಟೀಲನ್ನು ಮೇಜಿನಿಂದೆತ್ತಿ ಎದೆಗವಚಿಕೊಂಡರು.

“ಇಲ್ಲಿರೋದ್ರಲ್ಲಿ ಒಂದೂ ನಂದಲ್ಲ ಮಗಾ” ಎಂದರು ಮೆಲ್ಲಗೆ.

ಅಷ್ಟೇ. ಗಿಲಕಿ ಅಳತೊಡಗಿದಳು. “ತಪ್ಪಾಯ್ತು ತಾತ.”

“ಅಳ್ಬೇಡ, ಅಳ್ಬೇಡ. ಬರಿ ಬರಿ ಅಂತ ಹೇಳಿದ್ದು ನಾನೇ ಅಲ್ವಾ? ನನಗೇನು ಗೊತ್ತಿತ್ತು ಹೀಗಾಗುತ್ತೆ ಅಂತ.”

“ನಂಗೆ ಗೊತ್ತಿತ್ತು ತಾತ! ಕೀ ನೋಡಿದ್ರೆ ಸಾಕು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೀಲಿಲ್ಲ.”

ತಾತ ತಮ್ಮ ಪಕ್ಕದ ಸ್ಟೂಲನ್ನು ಅವಳ ಕಡೆ ತಳ್ಳಿದರು. “ನೀನು ಬಂದು ಹೇಳ್ದೇ ಇದ್ದು, ನಾಳೆ ಇಲ್ಲಿ ಒಂದು ಪಿಟೀಲು ಕಾಣೆಯಾಗಿದ್ರೆ ನಾನು ಏನು ಮಾಡ್ತಿದ್ದೆ ಗೊತ್ತಾ? ನನ್ನ ಮರೆವಿಗೇ ಬೈಕೊಂಡು, ಎಲ್ಲಿಟ್ಟೆ ಎಲ್ಲಿಟ್ಟೆ ಅಂತ ತಿಂಗಳುಗಟ್ಟಲೆ ಹುಡುಕ್ತಿದ್ದೆ. ಕೂತ್ಕೋ.”

“ಯಜಮಾನ್ರೇ, ಬೀಗದ ಒಳಗನ್ನ ಈಗಲೇ ಬದಲಾಯಿಸಿಕೊಡ್ತೀನಿ. ದುಡ್ಡಿನ ಮಾತು ಎತ್ತಬೇಡಿ” ಎಂದು ಅಮ್ಮ ಆಗಲೇ ಬಾಗಿಲ ಮುಂದೆ ಮಂಡಿಯೂರಿದ್ದಳು. ಬೀಗ ಬಿಚ್ಚುತ್ತಾ, ಹಿಂದೆ ತಿರುಗದೆ ಕೈ ಚಾಚಿದಳು. “ಲೇ ಗಿಲಕಿ, ಚಿಮಟ ಎಲ್ಲಿ? ಹಿಡ್ಕೊಳ್ಳೋರು ಯಾರು, ನಾನೊಬ್ಳೇ ಮಾಡ್ಲಾ?”

ಗಿಲಕಿಗೆ ಹೋದ ಜೀವ ಬಂದಂತಾಯಿತು. ಮೂಗು ಒರೆಸಿಕೊಂಡು ಓಡಿದಳು.

ಆ ಬೀಗದ ಹೊಟ್ಟೆಯೊಳಗೆ ಅಕ್ಕಿಕಾಳಿನಷ್ಟು ಸಣ್ಣ ಹಿತ್ತಾಳೆಯ ಪಿನ್ನುಗಳಿರುತ್ತವೆ. ಒಂದು ಗಿಡ್ಡ, ಒಂದು ಉದ್ದ. ಒಂದೊಂದರ ತಲೆಯ ಮೇಲೂ ಒಂದು ಕೂದಲೆಳೆಯಂಥ ಸ್ಪ್ರಿಂಗು. ಕೀಯ ಹಲ್ಲು ಆ ಪಿನ್ನುಗಳಿಗೆ ಸರಿಯಾಗಿ ಕೂತರೆ ಬೀಗ ತೆರೆಯುತ್ತದೆ. ಪಿನ್ನುಗಳನ್ನು ಬದಲಿಸಿ ಕೂರಿಸಿದರೆ ಬೀಗ ಅದೇ, ಹಳೇ ಕೀಗೆ ಮಾತ್ರ ಅದು ತಲೆ ಬಾಗುವುದಿಲ್ಲ.

“ಗಟ್ಟಿಯಾಗಿ ಹಿಡಿ. ಸ್ಪ್ರಿಂಗು ಹಾರಿದ್ರೆ…”

ಹಾರಿತು. ಟಿಂಗ್ ಎಂದು ಸದ್ದಾದದ್ದಷ್ಟೇ ಗೊತ್ತು.

ಮೂವರೂ ನೆಲದ ಮೇಲೆ ನಾಲ್ಕು ಕಾಲಲ್ಲಿ ಹುಡುಕಿದರು. ಟಾರ್ಚ್ ಹಾಕಿ ಮೇಜಿನ ಕೆಳಗೆ ನೋಡಿದರು. ಅಂಟಿನ ಡಬ್ಬಿಯೊಳಗೆ ನೋಡಿದರು. ಪಿಟೀಲುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ತಾತ ತಲೆ ಮೇಲೆ ಕೈ ಹೊತ್ತು ಕೂತಾಗ ಗಿಲಕಿ ಟಾರ್ಚನ್ನು ಅವರ ಮುಖಕ್ಕೆ ಬಿಟ್ಟಳು.

“ತಾತ, ಅಲ್ಲಾಡ್ಬೇಡಿ! ಉಸಿರು ಬಿಡ್ಬೇಡಿ!”

ಸ್ಪ್ರಿಂಗು ತಾತನ ಗಡ್ಡದಲ್ಲಿ ಆರಾಮವಾಗಿ ಕೂತಿತ್ತು.

ಮೂವರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಅಮ್ಮ ಚಿಮಟದಿಂದ ಅದನ್ನು ತೆಗೆಯಹೋದರೆ ತಾತ ಕಚಗುಳಿಯೆಂದು ಮುಖ ತಿರುಗಿಸುವುದು, ಅವರು ತಿರುಗಿದರೆ ಸ್ಪ್ರಿಂಗು ಇನ್ನೂ ಒಳಕ್ಕೆ ಹೋಗುವುದು! ಕೊನೆಗೆ ಗಿಲಕಿ ತಾತನ ಎರಡು ಕಿವಿ ಹಿಡಿದು ನಿಲ್ಲಿಸಬೇಕಾಯಿತು.

ಬೀಗ ಜೋಡಿಸಿದ್ದಾಯಿತು. ಅಮ್ಮ ಅದಕ್ಕೆ ಹೊಂದುವ ಹೊಸ ಕೀಯನ್ನು ತಾತನಿಗೆ ಕೊಟ್ಟಳು. ತಾತ ಮೊದಲು ಹಳೇ ಕೀ ಹಾಕಿದರು. ತಿರುಗಲಿಲ್ಲ. ಗಿಲಕಿ ಮಧ್ಯಾಹ್ನ ಅಷ್ಟು ಆಸೆಯಿಂದ ಮಾಡಿದ ಕೀ ಹಾಕಿದರು. ಅದೂ ತಿರುಗಲಿಲ್ಲ. ಫೋಟೋ ನೋಡಿ ಮಾಡಿದ ಕೀಯಂತೂ ಇಂಗು ತಿಂದ ಮಂಗನ ಹಾಗೆ ಸಿಕ್ಕಿಕೊಂಡು ನಿಂತಿತು.

“ಹೋಯ್!” ಎಂದು ಗಿಲಕಿ ಕುಣಿದಳು. ತಾನು ಮಾಡಿದ ಕೀ ಕೆಲಸಕ್ಕೆ ಬಾರದೇ ಹೋದದ್ದಕ್ಕೆ ಇಷ್ಟು ಖುಷಿಯಾದೀತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ತಾತ ಗೋಡೆಯಿಂದ ತಂತಿಯಿದ್ದ ಒಂದು ಪಿಟೀಲು ತೆಗೆದು, ಅವಳ ಕುಣಿತಕ್ಕೆ ಸರಿಯಾಗಿ ಕುಯ್ ಕುಯ್ ಎಂದು ಬಾರಿಸಿದರು.

ಮೆಟ್ಟಿಲಿಳಿಯುವಾಗ ಗಿಲಕಿ ಅಮ್ಮನ ಸೆರಗು ಹಿಡಿದಿದ್ದಳು. ಫೋಟೋ ಈಗ ಯಾವ ಫೋನಿನಲ್ಲಿದ್ದರೂ ತಾತನ ಬಾಗಿಲಿಗೆ ಭಯವಿಲ್ಲ. ಆದರೂ ಅವಳ ತಲೆಯಲ್ಲಿ ಏನೋ ಓಡುತ್ತಿತ್ತು.

“ಅಮ್ಮ, ಬೀಗ ಆದ್ರೆ ಬದಲಾಯಿಸ್ಬಹುದು. ಫೋಟೋದಲ್ಲಿ ಬದಲಾಯಿಸೋಕೇ ಆಗದ್ದು ಏನಾದ್ರೂ ಇದ್ರೆ? ಈಗ… ಯಾರೋ ಅಳ್ತಿರೋ ಫೋಟೋ. ಇಲ್ಲಾ ಸ್ನಾನ ಮಾಡ್ತಿರೋ ಪಾಪು ಫೋಟೋ. ಅದೂ ಹೀಗೇ ಊರೆಲ್ಲ ಸುತ್ತಿದ್ರೆ?”

ಅಮ್ಮ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ಅದಕ್ಕೆ ಹಾಕೋ ಪಿನ್ನು ನನ್ನ ಹತ್ರ ಇಲ್ಲ ಕಣೇ.”

ಗಿಲಕಿ ಅಮ್ಮನ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಸೋಮವಾರ ತರಗತಿಯಲ್ಲಿ ಪತ್ತೇದಾರಿ ಆಟ. ಗಿಲಕಿ ಕೈಯೆತ್ತಿ ತಾನೇ ಮುಂದೆ ಹೋದಳು. ಬೋರ್ಡಿನ ಮೇಲೆ ತನ್ನ ಆ ಫೋಟೋವನ್ನು ಸೀಮೆಸುಣ್ಣದಿಂದ ಬರೆದಳು. ಊರಗಲ ಬಾಯಿ, ಜಡೆ, ಕೆನ್ನೆ ಪಕ್ಕ ಕೀ. ಕೀಯ ಹಲ್ಲುಗಳನ್ನು ಮಾತ್ರ ಬೇಕೆಂದೇ ತಪ್ಪು ತಪ್ಪಾಗಿ ಬರೆದಳು.

“ಇದ್ರಲ್ಲಿ ಏನು ತಪ್ಪಿದೆ ಹೇಳಿ ನೋಡೋಣ.”

“ಮೂಗು ಆಲೂಗಡ್ಡೆ ಥರ ಇದೆ!” ಎಂದ ಜಿರಾಫೆ.

“ಅದು ಬಿಟ್ಟು!”

ಯಾರಿಗೂ ಹೊಳೆಯಲಿಲ್ಲ. ಗಿಲಕಿ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ತಿರುಗದಿರಲಿ ಎಂದು ಬೇಡಿಕೊಂಡದ್ದನ್ನೂ ಬಿಡಲಿಲ್ಲ, ಗಡ್ಡದ ಸ್ಪ್ರಿಂಗನ್ನೂ ಬಿಡಲಿಲ್ಲ. ಮಿಸ್ ಕೂಡ ಕಣ್ಣೊರೆಸಿಕೊಂಡು ನಕ್ಕರು.

ನಗು ನಿಂತ ಮೇಲೆ ಎಲ್ಲರೂ ತಮ್ಮ ತಮ್ಮ ಫೋಟೋ ನೆನಪಿಸಿಕೊಳ್ಳುತ್ತಿದ್ದರು.

“ಮಿಸ್…” ಎಂದು ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ. “ನಾನು ಸೈಕಲ್‌ಗೆ ಪೇಂಟ್ ಮಾಡಿದ ಫೋಟೋ ಹಾಕಿದೀನಲ್ಲ. ಅದ್ರಲ್ಲಿ ನಂಬರ್ ಲಾಕ್ ಇದೆ. ನಂಬರ್ ಸರಿಯಾಗಿ ಕೂಡಿಸಿಟ್ಟು, ಲಾಕ್ ತೆರೆದೇ ಫೋಟೋ ತೆಗೆದಿದೀನಿ ಮಿಸ್.”

“ನನ್ನ ಕೇಕ್ ಹಿಂದೆ ಫ್ರಿಜ್ ಇದೆ ಮಿಸ್” ಎಂದಳು ಇನ್ನೊಬ್ಬಳು. “ಫ್ರಿಜ್ ಮೇಲೆ ವೈಫೈ ಪಾಸ್‌ವರ್ಡ್ ಅಂಟಿಸಿದೀವಿ. ಅದಕ್ಕೇ ಇರ್ಬೇಕು ಪಕ್ಕದ್ಮನೆ ಅಣ್ಣ ಕೇಕ್ ಸೂಪರ್ ಅಂತ ಮೂರು ಸಲ ಬರೆದಿದ್ದು!”

ಮತ್ತೆ ನಗು. ಜಿರಾಫೆ ಮಾತ್ರ ನಗಲಿಲ್ಲ. ಗಿಲಕಿ ಬೆಂಚಿಗೆ ಬಂದು ಕೂತಾಗ ಮೆಲ್ಲಗೆ ಅವಳ ಕಡೆ ವಾಲಿದ.

“ಮೊನ್ನೆ ನೀನು ಕ್ಲಾಸಲ್ಲಿ ಬಾಯಿ ತೆರ್ಕೊಂಡು ನಿದ್ದೆ ಮಾಡ್ತಿದ್ದದ್ದು ನಮ್ಮಣ್ಣನ ಫೋನಲ್ಲಿ ಇದೆ ಕಣೇ. ಪ್ರಾಜೆಕ್ಟ್ ದಿನ ಅಂತ ಅವನ ಫೋನ್ ತಂದಿದ್ನಲ್ಲ, ಆವತ್ತು ನಾನೇ ತೆಗೆದಿದ್ದು. ಯಾರಿಗೂ ಕಳಿಸಿಲ್ಲ. ಇವತ್ತೇ ಅಳಿಸ್ತೀನಿ.”

ಗಿಲಕಿ ಅವನನ್ನು ಕೆಕ್ಕರಿಸಿ ನೋಡಿದಳು. ಆಮೇಲೆ ಅವಳಿಗೇ ನಗು ಬಂತು. “ಅಳಿಸೋಕೆ ಮುಂಚೆ ನಂಗೊಂದ್ಸಲ ತೋರಿಸೋ” ಎಂದಳು.

ಆ ಸಂಜೆ ಅಂಗಡಿಯಲ್ಲಿ ಅವಳು ಕೀಗಳನ್ನು ಅಳತೆ ಪ್ರಕಾರ ಕೊಕ್ಕೆಗೆ ಹಾಕುತ್ತಿದ್ದಾಗ ಬಾಗಿಲಲ್ಲಿ ಗಡ್ಡ ಕಾಣಿಸಿತು.

“ಯಜಮಾನ್ರೇ, ಬನ್ನಿ. ಏನಾಯ್ತು, ಬೀಗ ಸರಿ ಇದೆ ತಾನೇ?” ಅಮ್ಮ ಗಾಬರಿಯಿಂದ ಎದ್ದಳು.

“ಬೀಗ ಸರಿ ಇದೆ. ನಾನೇ ಸರಿ ಇಲ್ಲ. ಇವತ್ತು ಮತ್ತೆ ಹೊರಗೆ ಉಳ್ಕೊಳ್ತಿದ್ದೆ, ಸ್ವಲ್ಪದ್ರಲ್ಲಿ ತಪ್ತು. ಇನ್ನೊಂದು ಕೀ ಬೇಕೇ ಬೇಕು.”

ಅಮ್ಮ ಕೈ ಚಾಚಿದಳು. ತಾತ ಕೀಯನ್ನು ಅಮ್ಮನ ಕೈಗೆ ಕೊಡಲಿಲ್ಲ. ಅಂಗಡಿಯೊಳಕ್ಕೆ ಬಗ್ಗಿ ಗಿಲಕಿಯ ಅಂಗೈಗೆ ಹಾಕಿದರು. “ಇವಳು ಮಾಡ್ಲಿ” ಎಂದು, “ನಾನು ಟೀ ಕುಡಿದು ಬರ್ತೀನಿ” ಎಂದು ಹೊರಟೇಬಿಟ್ಟರು.

ಗಿಲಕಿ ಅಮ್ಮನನ್ನು ನೋಡಿದಳು. ಅಮ್ಮ ಬೇರೆಲ್ಲೋ ನೋಡುತ್ತಾ ಕನ್ನಡಕ ಚಾಚಿದಳು. ಈ ಸಲ ಗಿಲಕಿಯ ಕೈ ಮೇಲೆ ಅಮ್ಮನ ಕೈ ಇರಲಿಲ್ಲ. ಕಿರ್ರೋ ಎಂದು ಚಕ್ರ ತಿರುಗಿತು.

ತಾತ ಬಂದಾಗ ಕೀ ತಯಾರಾಗಿತ್ತು. ಅವರು ಜೇಬಿನಿಂದ ತಮ್ಮ ಫೋನ್ ತೆಗೆದರು.

“ಮೊದಲನೇದು ಹೋಯ್ತು. ಇದಕ್ಕಾದ್ರೂ ಒಂದು ಫೋಟೋ ಬೇಡ್ವಾ? ನಿಲ್ಲು, ನಿಲ್ಲು. ಈ ಸಲ ಹೆಬ್ಬೆರಳು ಅಡ್ಡ ಬರಲ್ಲ.”

ಗಿಲಕಿ ಫುಟ್‌ಪಾತಿನ ಮೇಲೆ ಬಂದು ನಿಂತಳು. ಕೈ ಮೇಲೆತ್ತಿದಳು. ಊರಗಲ ನಕ್ಕಳು. ತಾತ ಗುಂಡಿ ಒತ್ತಲು ಹೋದವರು ತಡೆದರು.

“ಕೀ ಎಲ್ಲೇ? ಬರೀ ಮುಷ್ಟಿ ಕಾಣ್ತಿದೆ.”

“ಒಳಗಿದೆ ತಾತ. ತೆಗೀರಿ.”

ತಾತ ಒಂದು ಕ್ಷಣ ಅವಳ ಮುಷ್ಟಿಯನ್ನೇ ನೋಡಿದರು. ಆಮೇಲೆ ಗಡ್ಡದೊಳಗೇ ನಕ್ಕು ಗುಂಡಿ ಒತ್ತಿದರು. ಫೋನ್ ಜೇಬಿಗೆ ಹಾಕಿ ಅಂಗೈ ಚಾಚಿದರು.

ಗಿಲಕಿ ಹತ್ತಿರ ಬಂದು ಕೀಯನ್ನು ಆ ಅಂಗೈ ಮೇಲೆ ಇಟ್ಟಳು. ಕೀ ಇನ್ನೂ ಬೆಚ್ಚಗಿತ್ತು. ತಾತನ ಬೆರಳುಗಳನ್ನು ಒಂದೊಂದಾಗಿ ತಾನೇ ಮಡಿಚಿ ಅದರ ಮೇಲೆ ಮುಚ್ಚಿದಳು.